ಅತ್ತೆಯ ಬ್ರಾಂಚಿನಲ್ಲಿ ಸಾವಿಲ್ಲ

“ಇವತ್ತಿನಿಂದ ಈ ಮನೆಯಲ್ಲಿ ಒಂದೇ ಒಂದು ಅಕ್ಷರ ಕಳೆದುಹೋದರೆ ನನ್ನ ಹೆಸರು ಬದಲಾಯಿಸಿ!” ಎಂದು ಕಮಿಟ್ಟಪ್ಪ ಊಟದ ಮೇಜು ಗುದ್ದಿ ಘೋಷಿಸಿದ. ನೀರಿನ ಲೋಟ ಉರುಳಿತು.

ಹೆಸರು ಬದಲಾಯಿಸುವ ಕೆಲಸವನ್ನು ಆಫೀಸಿನವರು ಎಂದೋ ಮುಗಿಸಿಬಿಟ್ಟಿದ್ದರು. ಅವನು ಸಾಫ್ಟ್‌ವೇರ್ ಬರೆಯುವವನು. ಬರೆಯುವುದಕ್ಕಿಂತ ಹೆಚ್ಚಾಗಿ, ಬೇರೆಯವರು ಹೇಗೆ ಬರೆಯಬೇಕು, ಬರೆದದ್ದನ್ನು ಹೇಗೆ ಕಾಪಾಡಬೇಕು ಎಂದು ಹೇಳುವವನು. ಬೆಳಿಗ್ಗೆ ಲಿಫ್ಟಿನಲ್ಲಿ ಸಿಕ್ಕವರನ್ನೆಲ್ಲ “ನಿನ್ನೆಯ ಕೆಲಸ ಕಮಿಟ್ ಮಾಡಿದ್ಯಾ?” ಎಂದು ಕೇಳಿ ಕೇಳಿಯೇ ಅವನು ಕಮಿಟ್ಟಪ್ಪನಾದದ್ದು. ಅದನ್ನು ಬಿರುದೆಂದು ತಿಳಿದು ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ.

ಘೋಷಣೆಗೆ ಕಾರಣ ಹೆಂಡತಿಯ ನಾಟಕ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ಆಕೆ, ಉತ್ತರಪತ್ರಿಕೆಗಳ ರಾಶಿಯ ನಡುವೆ ಬಿಡುವು ಕದ್ದು ವರ್ಷಗಟ್ಟಲೆ ಕೂತು ‘ಕೊನೆಯ ಹೊಲಿಗೆ’ ಎಂಬ ದುರಂತ ನಾಟಕ ಬರೆದಿದ್ದಳು. ಒಂದು ಪುಟ್ಟ ದರ್ಜಿ ಅಂಗಡಿ. ಮೊದಲ ಅಂಕದ ಕೊನೆಗೆ ಮುದಿ ತಾಯಿ ಅರ್ಧ ಹೊಲಿದ ಅಂಗಿಯನ್ನು ಎದೆಗೊತ್ತಿಕೊಂಡು ಸಾಯುತ್ತಾಳೆ. ಎರಡನೆಯ ಅಂಕದಲ್ಲಿ ಕಟ್ಟಡದ ಮಾಲೀಕ ಮಗನನ್ನು ಬೀದಿಗೆ ಹಾಕುತ್ತಾನೆ. ಕೊನೆಗೆ ಬರಿದಾದ ಅಂಗಡಿಯಲ್ಲಿ ಮಗ ಒಬ್ಬನೇ ಕೂತು ಆ ಅಂಗಿಯನ್ನು ಹೊಲಿದು ಮುಗಿಸಿ, ದಾರವನ್ನು ಹಲ್ಲಿನಿಂದ ಕಚ್ಚಿ ತುಂಡರಿಸುತ್ತಾನೆ. ಪರದೆ! ಓದಿದವರೆಲ್ಲ ಮೂಗೊರೆಸಿಕೊಂಡಿದ್ದರು. ಅವರಿದ್ದ ಫ್ಲಾಟುಗಳ ನಿವಾಸಿಗಳ ಸಂಘ, ತನ್ನ ವಾರ್ಷಿಕ ಕೂಟದಲ್ಲಿ ಅದನ್ನು ಆಡಿಸಲು ಒಪ್ಪಿತ್ತು. ಆಕೆಯ ಮೊದಲ ನಾಟಕ, ಮೊದಲ ಪ್ರದರ್ಶನ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪು ಎರಡನೆಯ ಅಂಕದ ಅರ್ಧವನ್ನು ನುಂಗಿ ಹಾಕಿತು.

“ನೆನಪಿದೆ, ಮತ್ತೆ ಬರೀತೀನಿ ಬಿಡಿ,” ಎಂದಳು ಹೆಂಡತಿ.

“ಬಿಡೋದಾ? ಬರೆದ ಒಂದೊಂದು ಆವೃತ್ತಿಯನ್ನೂ ಕಾಪಾಡಿಡೋ ವರ್ಷನ್ ಕಂಟ್ರೋಲ್ ಅನ್ನೋ ಕಾಮಧೇನುವನ್ನ ಮನೇಲಿ ಕಟ್ಟಿಕೊಂಡು ಹಾಲಿಗೆ ಪಕ್ಕದ ಮನೆಗೆ ಹೋಗೋದಾ?”

“ಕಾಮಧೇನು ಯಾರು, ನೀವಾ?”

ಕಮಿಟ್ಟಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಭಾನುವಾರ ನಾಟಕದ ಬಳಗವನ್ನು ತನ್ನ ಹಜಾರದಲ್ಲಿ ಕೂರಿಸಿಕೊಂಡು, ಗೋಡೆಗೆ ಬೆಳಕು ಬಿಟ್ಟು, ಚಿತ್ರ ತೋರಿಸಿ ಪಾಠ ಶುರುಮಾಡಿದ. ಬಳಗವೆಂದರೆ ಮೂವರು. ಮಗನ ಪಾತ್ರಕ್ಕೆ ಮೇಲಿನ ಮಹಡಿಯ ದಂತವೈದ್ಯರು. ಕ್ರೂರಿ ಮಾಲೀಕನ ಪಾತ್ರಕ್ಕೆ ಎದುರು ಫ್ಲಾಟಿನ ವಿಮೆ ಏಜೆಂಟರು. ಸಾಯುವ ತಾಯಿಯ ಪಾತ್ರಕ್ಕೆ ಇವರ ಜೊತೆಯಲ್ಲೇ ಇದ್ದ ಅತ್ತೆ, ಅಂದರೆ ಹೆಂಡತಿಯ ಸ್ವಂತ ತಾಯಿ.

“ನಾಟಕದ ಮೂಲಪ್ರತಿ ಇದೆಯಲ್ಲ, ಅದು ಮರದ ಬುಡ. ಅದನ್ನ ಯಾರೂ ನೇರವಾಗಿ ಮುಟ್ಟೋ ಹಾಗಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಬ್ರಾಂಚ್, ಅಂದ್ರೆ ನಿಮ್ಮದೇ ಒಂದು ಪ್ರತಿ, ಕೊಡ್ತೀನಿ. ಅದರಲ್ಲಿ ನಿಮ್ಮ ಸಲಹೆ, ತಿದ್ದುಪಡಿ ಏನಿದ್ರೂ ಬರೆಯಿರಿ. ನಾಟಕಕರ್ತೆ ನೋಡಿ ಒಪ್ಪಿದ್ರೆ ಬುಡಕ್ಕೆ ಸೇರಿಸ್ತೀವಿ. ಅದಕ್ಕೆ ಮರ್ಜ್ ಅಂತಾರೆ.”

“ಒಪ್ಪೋದು ಬಿಡೋದು ಅವರ ಮರ್ಜಿ!” ಎಂದರು ವಿಮೆಯವರು. ತಮ್ಮ ಮಾತಿಗೆ ತಾವೇ ತೊಡೆ ತಟ್ಟಿಕೊಂಡು ನಕ್ಕರು. “ನಮ್ಮ ಕಂಪನಿಗೂ ಊರ ತುಂಬಾ ಬ್ರಾಂಚುಗಳಿವೆ ಸಾರ್. ಒಂದಕ್ಕೂ ಇನ್ನೊಂದರಲ್ಲಿ ಏನಾಗ್ತಿದೆ ಗೊತ್ತಿಲ್ಲ.”

“ಇಲ್ಲಿ ಎಲ್ಲಾ ಗೊತ್ತಾಗುತ್ತೆ! ಬರೆದದ್ದನ್ನ ಆಗಾಗ ಕಮಿಟ್ ಮಾಡಬೇಕು.”

“ಕಮಿಟ್ ಅಂದ್ರೆ ಏನು ಅಳಿಯಂದ್ರೇ?” ಎಂದರು ಅತ್ತೆ.

“ಇಲ್ಲೀವರೆಗೆ ಮಾಡಿದ್ದಕ್ಕೆ ನಾನು ಬದ್ಧ ಅಂತ ಒಂದು ಸಾಲು ಬರೆದು ಗಟ್ಟಿ ಮಾಡೋದು.”

“ಮದುವೆ ಥರ.”

“ಇಲ್ಲ ಅತ್ತೆ, ಇದರಲ್ಲಿ ಬೇಡ ಅನ್ನಿಸಿದ್ರೆ ಹಿಂದಕ್ಕೆ ಹೋಗಬಹುದು.”

ಅತ್ತೆ ಮಗಳ ಮುಖ ನೋಡಿದರು. “ಎಷ್ಟು ಒಳ್ಳೇದು ಬಂದಿದೆ ನೋಡೇ. ಸ್ವಲ್ಪ ತಡವಾಯ್ತು.”

ಪಾಠ ಮುಗಿಯುವ ಹೊತ್ತಿಗೆ ದಂತವೈದ್ಯರು ನಾಲ್ಕು ಸಲ ಆಕಳಿಸಿದ್ದರು, ಒಳ್ಳೆಯ ಹಲ್ಲುಗಳು. ಆದರೆ ‘ನಿಮ್ಮದೇ ಒಂದು ಬ್ರಾಂಚ್’ ಎಂಬ ಮಾತು ಮೂವರ ಎದೆಯಲ್ಲೂ ನಾಟಿತು. ನಾಟಕವನ್ನು ಕಾಪಾಡಲು ಬಂದ ಉಪಾಯ ಎಂದು ಕಮಿಟ್ಟಪ್ಪ ಹೇಳಿದ. ತನಗೇ ಒಂದು ನಾಟಕ ಸಿಕ್ಕಿತು ಎಂದು ಅವರು ಕೇಳಿಸಿಕೊಂಡರು.

ಮರುದಿನದಿಂದಲೇ ಕಮಿಟ್‌ಗಳು ಬಂದವು ನೋಡಿ! ಕಮಿಟ್ಟಪ್ಪ ಆಫೀಸಿನಲ್ಲಿ ಕೂತು ಫೋನಿನಲ್ಲಿ ಅವುಗಳನ್ನು ನೋಡಿ ಪುಳಕಗೊಳ್ಳುತ್ತಿದ್ದ. ಅತ್ತೆಯದು: “ಸಾಯುವುದನ್ನು ತೆಗೆದಿದ್ದೇನೆ.” ವಿಮೆಯವರದು: “ಸಣ್ಣ ತಿದ್ದುಪಡಿ.” ತೆರೆದು ನೋಡಿದರೆ ಮಾಲೀಕನ ಬಾಯಲ್ಲಿ ಪುಟಗಟ್ಟಲೆ ಹೊಸ ಮಾತು! ದಂತವೈದ್ಯರದು: “ಸರಿಪಡಿಸಿದೆ.” “ಈಗ ಸರಿಪಡಿಸಿದೆ.” “ಈಗ ನಿಜವಾಗಿಯೂ ಸರಿಪಡಿಸಿದೆ.” ಅಬ್ಬಾ, ಥೇಟ್ ನಮ್ಮ ಆಫೀಸೇ ಎಂದುಕೊಂಡ. ಏನು ಬರೆಯುತ್ತಿದ್ದಾರೆ ಎನ್ನುವುದು ಅವನಿಗೆ ಮುಖ್ಯವಲ್ಲ, ಬರೆದದ್ದು ಭದ್ರವಾಗಿದೆಯೇ ಎನ್ನುವುದು ಮುಖ್ಯ.

ಹೆಂಡತಿ ಎಲ್ಲವನ್ನೂ ಓದಿದಳು. ಓದಿ, ಒಂದೊಂದರ ಕೆಳಗೂ “ಬೇಡ” ಎಂದು ಬರೆದಳು. ಅಡುಗೆಮನೆಯಲ್ಲಿ ತಾಯಿ ಮಗಳ ನಡುವೆ ಮಾತು ಬಿಸಿಯಾಯಿತು.

“ಮೊದಲನೇ ಅಂಕದಲ್ಲೇ ಸಾಯೋಕೆ ನನಗೇನೇ ಬಂದಿದೆ? ಸಕ್ಕರೆ ಕಾಯಿಲೇನೂ ಹಿಡಿತದಲ್ಲಿದೆ!”

“ಅಮ್ಮಾ, ಸಾಯೋದು ನೀನಲ್ಲ, ಪಾತ್ರ.”

“ಎರಡನೇ ಅಂಕದಲ್ಲಿ ಫೋಟೋ ಆಗಿ ಗೋಡೆ ಮೇಲೆ ನೇತಾಡೋದು ಯಾರ ಮುಖ? ಪಾತ್ರದ್ದಾ, ನನ್ನದಾ?”

“ಬೇಡ ಅಂದ್ರೆ ಬೇಡಮ್ಮ.”

ಅಲ್ಲಿಗೆ ಮೂವರೂ ಬಾಲ ಮುದುರಿಕೊಂಡು, ಹೆಂಡತಿ ಬರೆದ ಮಾತುಗಳನ್ನೇ ಉರುಹೊಡೆದು ತಾಲೀಮು ಮಾಡಿದರು. ತಿರಸ್ಕೃತವಾದ ಮೂರು ಬ್ರಾಂಚುಗಳು ಮಾತ್ರ ಹಾಗೇ ಒಣಗುತ್ತಾ ನೇತಾಡುತ್ತಿದ್ದವು. ಅಳಿಸಿಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಳಿಸುವವನು ಯಾರು? ಕಮಿಟ್ಟಪ್ಪ. ಅವನ ಕೈಯಲ್ಲಿ ಏನನ್ನಾದರೂ ಅಳಿಸುವುದು ಮಹಾಪಾಪ!

ಪ್ರದರ್ಶನದ ಹಿಂದಿನ ದಿನ ಹೆಂಡತಿ ಪರೀಕ್ಷೆಯ ಮೇಲ್ವಿಚಾರಣೆಗೆ ಹೊರಟಳು. ಅಲ್ಲಿಂದ ನೇರವಾಗಿ ಸಭಾಂಗಣಕ್ಕೆ ಹೋಗಿ ಪರದೆ, ದೀಪ ನೋಡಬೇಕು. ಚಪ್ಪಲಿ ಮೆಟ್ಟುತ್ತಾ ಹೇಳಿದಳು: “ರೀ, ಮೂಲಪ್ರತಿ ಸಿದ್ಧ ಇದೆ. ಅದನ್ನ ಹಾಗೇ ಪ್ರಿಂಟ್ ತೆಗೆದು ಮೂವರಿಗೂ ಒಂದೊಂದು ಕೊಟ್ಟುಬಿಡಿ. ಅಷ್ಟೇ. ಬೇರೇನೂ ಮಾಡಬೇಡಿ.”

“ನಿಶ್ಚಿಂತೆಯಾಗಿ ಹೋಗು.”

ಅಷ್ಟೇ ಮಾಡಿದ್ದರೆ ಅವನು ಕಮಿಟ್ಟಪ್ಪ ಹೇಗಾದಾನು? ಕಂಪ್ಯೂಟರ್ ತೆರೆದ ಕೂಡಲೇ ಬುಡಕ್ಕೆ ಸೇರದೆ ಬಿದ್ದಿದ್ದ ಮೂರು ಬ್ರಾಂಚುಗಳು ಕಣ್ಣಿಗೆ ಚುಚ್ಚಿದವು. ಆಫೀಸಿನಲ್ಲಿ ಯಾರಾದರೂ ಹೀಗೆ ಬಿಟ್ಟಿದ್ದರೆ ಸಭೆ ಕರೆದು ಮಾನ ತೆಗೆಯುತ್ತಿದ್ದ. ಈಗ ತನ್ನ ಮನೆಯಲ್ಲೇ ಈ ಅಸಹ್ಯ! ಹೆಂಡತಿಯ “ಬೇಡ”ಗಳನ್ನು ಓದುವ ಗೋಜಿಗೆ ಹೋಗದೆ, ತೋಳು ಮಡಿಚಿ ಮೂರನ್ನೂ ಮರ್ಜ್ ಮಾಡಲು ಕೂತ.

ಕಂಪ್ಯೂಟರ್ ಕೆರಳಿತು. ಕಾನ್‌ಫ್ಲಿಕ್ಟ್! ಒಂದೇ ಜಾಗದಲ್ಲಿ ಇಬ್ಬರು ಬೇರೆ ಬೇರೆ ಬರೆದಿದ್ದಾರೆ, ಯಾವುದನ್ನು ಇಟ್ಟುಕೊಳ್ಳಲಿ ಎಂದು ಕೇಳಿತು. ಇದೋ, ಅದೋ, ಎರಡೂ ಇರಲೋ? ಒಂದನ್ನು ಆಯ್ದುಕೊಂಡರೆ ಇನ್ನೊಂದು ಕಳೆದುಹೋಗುತ್ತದೆ. ಅಕ್ಷರ ಕಳೆಯುವುದಿಲ್ಲ ಎಂದು ಮೇಜು ಗುದ್ದಿದವನು ತಾನು. ‘ಎರಡೂ ಇರಲಿ’ ಒತ್ತಿದ. ಮತ್ತೆ ಕೇಳಿತು, ಮತ್ತೆ ಒತ್ತಿದ. ಕೊನೆಕೊನೆಗೆ ಕೇಳುವ ಮೊದಲೇ ಒತ್ತುತ್ತಿದ್ದ. ಅರ್ಧ ಲೋಟ ಕಾಫಿ ಆರುವುದರೊಳಗೆ ಎಲ್ಲವೂ ಸ್ವಚ್ಛ, ಶುಭ್ರ! ಪ್ರೋಗ್ರಾಮಾಗಿದ್ದರೆ ಓಡಿಸಿ ನೋಡುತ್ತಿದ್ದ, ಅಲ್ಲೇ ಮುಗ್ಗರಿಸಿ ಬೀಳುತ್ತಿತ್ತು. ನಾಟಕವನ್ನು ಓಡಿಸಿ ನೋಡುವುದು ಹೇಗೆ? ಪ್ರಿಂಟ್ ತೆಗೆದು, ‘ಅಂತಿಮ ಪ್ರತಿ’ ಎಂದು ಬರೆದು ಹಂಚಿಬಿಟ್ಟ.

ವಿಮೆಯವರು ಪುಟ ತಿರುವಿ ಕಣ್ಣರಳಿಸಿದರು. “ಮೇಡಂ ನಂದು ಒಪ್ಪಿಕೊಂಡ್ರಾ?”

“ಎಲ್ಲರದ್ದೂ ಸೇರಿಸಿದೆ ಸಾರ್. ನಮ್ಮಲ್ಲಿ ಭೇದಭಾವ ಇಲ್ಲ.”

ಅತ್ತೆಯಂತೂ ಓದಿ ಮುಗಿಸಿ ಪ್ರತಿಯನ್ನು ದಿಂಬಿನ ಕೆಳಗೆ ಬಚ್ಚಿಟ್ಟುಕೊಂಡರು. ಮಗಳು ಕೊನೆಗೂ ಮನಸ್ಸು ಕರಗಿ ಬದುಕಿಸಿದ್ದಾಳೆ, ಬಾಯಿಬಿಟ್ಟು ಕೇಳಿದರೆ ಮತ್ತೆ ಸಾಯಿಸಿಯಾಳು ಎಂಬ ಭಯ. ಸಂಜೆ ದಣಿದು ಬಂದ ಮಗಳು ಕೇಳಿದ್ದು ಒಂದೇ ಮಾತು: “ಏನೂ ವ್ಯತ್ಯಾಸ ಆಗಿಲ್ಲ ತಾನೆ?”

“ಒಂದಕ್ಷರ ಕಳೆದಿದ್ರೆ ಕೇಳು!” ಎಂದ ಕಮಿಟ್ಟಪ್ಪ. ಸುಳ್ಳೇನೂ ಹೇಳಲಿಲ್ಲ.

ಮರುದಿನ ಸಂಜೆ ಸಭಾಂಗಣ ತುಂಬಿತ್ತು. ಹೆಂಡತಿಯ ಶಾಲೆಯ ಮುಖ್ಯೋಪಾಧ್ಯಾಯಿನಿ ಮೊದಲ ಸಾಲಿನಲ್ಲಿ ಕರವಸ್ತ್ರ ಹಿಡಿದೇ ಕೂತಿದ್ದರು. ಹೆಂಡತಿ ಒಂದು ಪಕ್ಕದಲ್ಲಿ ದೀಪಗಳ ಹತ್ತಿರ ನಿಂತಳು. ಇನ್ನೊಂದು ಪಕ್ಕದಲ್ಲಿ, ಪರದೆಯ ಮರೆಯಲ್ಲಿ, ಟ್ಯಾಬ್ಲೆಟ್ ಹಿಡಿದು ನಟರಿಗೆ ಮಾತು ಎತ್ತಿಕೊಡುವ ಕೆಲಸ ಕಮಿಟ್ಟಪ್ಪನದು.

ಮೊದಲ ಅಂಕ ಚೆನ್ನಾಗಿಯೇ ಸಾಗಿತು. ತಾಯಿ ಕೆಮ್ಮಿದಳು, ಅಂಗಿಯನ್ನು ಎದೆಗೊತ್ತಿಕೊಂಡಳು, “ಮಗನೇ, ಇದನ್ನ ನೀನೇ ಮುಗಿಸು” ಎಂದು ಕಣ್ಣು ಮುಚ್ಚಿದಳು. ಮುಖ್ಯೋಪಾಧ್ಯಾಯಿನಿಯ ಕರವಸ್ತ್ರ ಮೇಲೇರಿತು. ಮಗ “ಅಮ್ಮಾ!” ಎಂದು ಚೀರಿ ಅವಳ ಮೇಲೆ ಬಿದ್ದ.

ಸತ್ತ ತಾಯಿ ಎದ್ದು ಕೂತಳು.

“ಗಾಬರಿಯಾಗಬೇಡ ಕಂದಾ. ಈಗ ಎಷ್ಟೋ ವಾಸಿ. ಡಾಕ್ಟರು ಸುಮ್ಮನೆ ಹೆದರಿಸಿದ್ದರು.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕಮಿಟ್ಟಪ್ಪ ಟ್ಯಾಬ್ಲೆಟ್ ನೋಡಿದ. ಇದೆ! ಸಾಯುವುದೂ ಇದೆ, ಏಳುವುದೂ ಇದೆ, ಒಂದರ ಕೆಳಗೊಂದು, ಅಚ್ಚುಕಟ್ಟಾಗಿ. ತಾಯಿ ಸೂಜಿಗೆ ದಾರ ಪೋಣಿಸಿ ತುದಿಯನ್ನು ಬಾಯಿಗೆ ಒಯ್ದಳೋ ಇಲ್ಲವೋ, ಮಗ ಕೈ ಹಿಡಿದುಕೊಂಡು ಗದ್ಗದನಾದ: “ಬೇಡಮ್ಮಾ! ದಾರವನ್ನು ಹಲ್ಲಿನಿಂದ ಕಚ್ಚಬೇಡ! ಎನಾಮೆಲ್ ಒಮ್ಮೆ ಸವೆದರೆ ಮತ್ತೆ ಬರುವುದಿಲ್ಲ! ನಮ್ಮಂಥ ಬಡವರಿಗೆ ಇರುವ ಆಸ್ತಿ ಇದೊಂದೇ!”

ಸಭಾಂಗಣ ಗೊಳ್ಳೆಂದಿತು.

ಎರಡನೆಯ ಅಂಕದಲ್ಲಿ ಪರದೆ ಎದ್ದಾಗ ಗೋಡೆಯ ಮೇಲೆ ತಾಯಿಯ ಫೋಟೋ ಇತ್ತು. ಅದರ ಕೆಳಗೆ ತಾಯಿ ಕೂತು ಗುಂಡಿ ಹೊಲಿಯುತ್ತಿದ್ದಳು. ಮಗ ಫೋಟೋ ನೋಡಿ “ನೀನಿಲ್ಲದ ಈ ಅಂಗಡಿ ನನಗೇಕಮ್ಮಾ?” ಎಂದು ಅತ್ತ. “ಇಲ್ಲೇ ಇದ್ದೀನಲ್ಲೋ, ಕತ್ತರಿ ಕೊಡು,” ಎಂದಳು ತಾಯಿ. ಅಷ್ಟರಲ್ಲಿ ಮಾಲೀಕ ನುಗ್ಗಿದ. “ಹೊರಗೆ ನಡಿ! ಈ ಕ್ಷಣವೇ ಅಂಗಡಿ ಖಾಲಿ ಮಾಡು!” ಎಂದು ಗುಡುಗಿ, ಮೇಜು ಒದ್ದು, ಉಸಿರು ತೆಗೆದುಕೊಂಡು, ಅದೇ ಮುಖದಲ್ಲಿ ನಗೆ ತಂದುಕೊಂಡ: “ಆದರೆ ತಮ್ಮಾ, ನಾಳೆ ಈ ಅಂಗಡಿಗೆ ಬೆಂಕಿ ಬಿದ್ದರೆ ಗತಿಯೇನು ಎಂದು ಎಂದಾದರೂ ಯೋಚಿಸಿದ್ದೀಯಾ?”

ಜನ ಕುರ್ಚಿಯ ಮೇಲೆ ಹೊರಳಾಡಿದರು. ಮುಖ್ಯೋಪಾಧ್ಯಾಯಿನಿಯೂ ಕರವಸ್ತ್ರ ಬಾಯಿಗೆ ತುರುಕಿಕೊಂಡಿದ್ದರು. ಕಮಿಟ್ಟಪ್ಪ ಮೆಲ್ಲನೆ ತಲೆಯೆತ್ತಿ ಎದುರು ಪಕ್ಕ ನೋಡಿದ. ದೀಪದ ಗುಂಡಿಗಳ ಹತ್ತಿರ ಹೆಂಡತಿ ನಿಂತಿದ್ದಳು. ಇಡೀ ಸಭಾಂಗಣದಲ್ಲಿ ನಗದೇ ಇದ್ದವಳು ಅವಳೊಬ್ಬಳೇ. ಬಾಯಿ ಸ್ವಲ್ಪ ತೆರೆದಿತ್ತು. ಆ ಮುಖ ನೋಡಿದ ಮೇಲೆ ಅವನಿಗೆ ವಿಮೆಯವರ ಮಾತು ಕೇಳಿಸಲೇ ಇಲ್ಲ.

ಕೊನೆಯ ದೃಶ್ಯಕ್ಕೆ ಮುಂಚೆ ಸ್ವಲ್ಪ ವಿರಾಮ. ಹೆಂಡತಿ ಪರದೆ ಸರಿಸಿಕೊಂಡು ಬಂದಳು.

“ನನ್ನ ನಾಟಕ ಎಲ್ಲಿ?”

“ಇದೆ! ಎಲ್ಲಾ ಇದೆ! ಅದೇ ತೊಂದರೆ!” ಎಂದ ಕಮಿಟ್ಟಪ್ಪ. “ಒಂದು ನಿಮಿಷ ಕೊಡು, ಹಿಂದಕ್ಕೆ ಹೋಗ್ತೀನಿ. ವರ್ಷನ್ ಕಂಟ್ರೋಲ್ ಇರೋದೇ ಇದಕ್ಕಲ್ವಾ?”

“ಕೊನೇ ದೃಶ್ಯ ಒಂದಾದ್ರೂ ಉಳಿಸಿ,” ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನ ಬೆರಳಿನಡಿ ಹಳೆಯ ಕಮಿಟ್‌ಗಳ ಸಾಲು ಮೇಲಕ್ಕೂ ಕೆಳಕ್ಕೂ ಓಡಿತು. ಒಂದರ ಮೇಲೆ ಒತ್ತಿದ. ಇಷ್ಟು ಹಳೆಯದನ್ನು ಹೊಸದರ ಮೇಲೆ ಹೇರಲು ಆಗದು ಎಂದು ಯಂತ್ರ ನಿರಾಕರಿಸಿತು. ಯಂತ್ರಕ್ಕಿದ್ದ ಬುದ್ಧಿ ಅವನಿಗಿರಲಿಲ್ಲ! ಬಲವಂತವಾಗಿ ಹೇರುವುದಕ್ಕೂ ಒಂದು ದಾರಿಯಿದೆ, ಅದಕ್ಕೆ ಫೋರ್ಸ್ ಪುಷ್ ಎಂದು ಹೆಸರು. ‘ಫೋರ್ಸ್ ಪುಷ್ ಮಾಡುವವರು ಮೊದಲು ರಾಜೀನಾಮೆ ಕೊಟ್ಟು ಬರತಕ್ಕದ್ದು’ ಎಂದು ಆಫೀಸಿನ ಗೋಡೆಗೆ ಚೀಟಿ ಅಂಟಿಸಿದ್ದವನು ಕಮಿಟ್ಟಪ್ಪನೇ. ಈಗ ಹಿಂದೆಮುಂದೆ ನೋಡದೆ ಒತ್ತಿದ. ಹೊಸದೆಲ್ಲ ಅಳಿಸಿಹೋಯಿತು, ಹಳೆಯದು ಬಂದು ಕೂತಿತು. ಅಷ್ಟರಲ್ಲಿ ಗಂಟೆ ಹೊಡೆಯಿತು, ಪರದೆ ಎದ್ದಿತು.

ದಂತವೈದ್ಯರಿಗೆ ಎರಡು ಬಗೆಯ ಕೊನೆಯ ದೃಶ್ಯ ಓದಿ ತಲೆ ಗಿರ್ರೆಂದಿತ್ತು. ರಂಗದ ನಡುವೆ ಅಂಗಿ ಹಿಡಿದು ಮಂಡಿಯೂರಿ, “ಮಾತು ಕೊಡಿ” ಎಂಬಂತೆ ಪರದೆಯತ್ತ ಕಣ್ಣು ಹೊರಳಿಸಿದರು. ಕಮಿಟ್ಟಪ್ಪ ಟ್ಯಾಬ್ಲೆಟ್ಟಿನಲ್ಲಿ ಕಂಡದ್ದನ್ನು ಕಂಡಂತೆ ಪಿಸುಗುಟ್ಟಿದ. ಏನು ಓದುತ್ತಿದ್ದೇನೆ ಎಂದು ಯೋಚಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಅದು ಹೆಂಡತಿಯ ಮೊಟ್ಟಮೊದಲ ಕರಡು; ಒಂದಕ್ಷರವೂ ಕಳೆಯಬಾರದೆಂದು ಅವಳ ಹಳೆಯ ಕರಡುಗಳನ್ನೆಲ್ಲ ಮೊದಲ ದಿನವೇ ತುಂಬಿಸಿಟ್ಟವನು ಅವನೇ. ದೃಶ್ಯ ಬರೆಯುವ ಮುನ್ನ ತನಗೆ ತಾನೇ ಬರೆದುಕೊಂಡಿದ್ದ ಟಿಪ್ಪಣಿಗಳು.

“ಇಲ್ಲಿ ಅಳು ಬರಬೇಕು,” ಎಂದು ಎತ್ತಿಕೊಟ್ಟ.

“ಇಲ್ಲಿ... ಅಳು ಬರಬೇಕು!” ಎಂದು ದಂತವೈದ್ಯರು ಎದೆ ಬಡಿದುಕೊಂಡರು.

“ಆದರೆ ಅಳುವನ್ನು ಬರೆಯುವುದು ಹೇಗೆ?”

“ಆದರೆ ಅಳುವನ್ನು... ಬರೆಯುವುದು ಹೇಗೆ?” ದಂತವೈದ್ಯರ ಕಣ್ಣಲ್ಲಿ ನಿಜವಾಗಿಯೂ ನೀರಾಡಿತು.

“ನನ್ನ ಗಂಡ ಬ್ರಾಂಚಿನ ವಿಷಯ ಎತ್ತಿದಾಗಲೆಲ್ಲ ನನಗೆ ಬರುವ ಹಾಗೆ,” ಎಂದು ಪಿಸುಗುಟ್ಟಿದ ಮೇಲೆ ಕಮಿಟ್ಟಪ್ಪನಿಗೆ ತಾನು ಹೇಳಿದ್ದೇನೆಂದು ತಿಳಿಯಿತು. ಆದರೆ ಮಾತು ಆಗಲೇ ರಂಗಕ್ಕೆ ಹೋಗಿತ್ತು.

“ನನ್ನ ಗಂಡ!” ಎಂದು ದಂತವೈದ್ಯರು ಅಂಗಿಯನ್ನು ಆಕಾಶಕ್ಕೆತ್ತಿ ಗೋಳಿಟ್ಟರು. “ನನ್ನ ಗಂಡ ಬ್ರಾಂಚಿನ ವಿಷಯ ಎತ್ತಿದಾಗಲೆಲ್ಲ... ನನಗೆ ಬರುವ ಹಾಗೆ!”

ಸಭಾಂಗಣದ ಸೂರು ಹಾರಿಹೋಗುವಂಥ ನಗು. ಶಿಳ್ಳೆ, ಚಪ್ಪಾಳೆ! ಪರದೆ ಎಳೆಯುವವನು ನಗುತ್ತಾ ಹಗ್ಗ ಕೈಬಿಟ್ಟದ್ದರಿಂದ ಪರದೆ ತಾನಾಗಿಯೇ ಬಿತ್ತು. ನಾಟಕ ಮುಗಿಯಿತು.

ಸಂಘದ ಕಾರ್ಯದರ್ಶಿ ಕಣ್ಣೊರೆಸಿಕೊಳ್ಳುತ್ತಾ ಓಡಿಬಂದರು. “ಮೇಡಂ, ನಿಮ್ಮಲ್ಲಿ ಇಂಥ ಹಾಸ್ಯ ಇದೆ ಅಂತ ಗೊತ್ತೇ ಇರಲಿಲ್ಲ! ಹೊಟ್ಟೆ ಹುಣ್ಣಾಗಿದೆ! ಮುಂದಿನ ಕೂಟಕ್ಕೂ ನೀವೇ ಬರೀಬೇಕು!” ಹೆಂಡತಿ ಕೈಮುಗಿದು ನಿಂತಿದ್ದಳು.

ಮನೆಗೆ ಬರುವ ದಾರಿಯುದ್ದಕ್ಕೂ ಮಾತಾಡಿದವರು ಅತ್ತೆಯೊಬ್ಬರೇ. ತಾವು ಎದ್ದು ಕೂತಾಗ ಬಂದ ಚಪ್ಪಾಳೆ ಸತ್ತಾಗ ಬಂದಿರಲಿಲ್ಲ ಎನ್ನುವುದನ್ನು ಅವರು ಬಗೆಬಗೆಯಾಗಿ ಹೇಳಿದರು.

ಬೆಳಿಗ್ಗೆ ಕಮಿಟ್ಟಪ್ಪ ಅಪರಾಧಿಯಂತೆ ಅಡುಗೆಮನೆಯ ಬಾಗಿಲಲ್ಲಿ ನಿಂತ. ಹೆಂಡತಿ ಮೇಜಿನ ಹತ್ತಿರ ಲ್ಯಾಪ್‌ಟಾಪ್ ತೆರೆದು ಕೂತಿದ್ದಳು.

“ನೋಡು, ನಿನ್ನ ಕೊನೇ ದೃಶ್ಯ ಹೇಗಾದ್ರೂ ಮಾಡಿ ಹುಡುಕಿಕೊಡ್ತೀನಿ. ನಾಕು ದಿನ ರಜಾ ಹಾಕಿದ್ರೂ ಚಿಂತೆಯಿಲ್ಲ.”

“ಹುಡುಕೋದೇನಿದೆ? ನನ್ನ ಯಂತ್ರದಲ್ಲೇ ಪೂರ್ತಿ ಪ್ರತಿ ಇತ್ತು. ವಾಪಸ್ ಹಾಕಿ ಆಯ್ತು.”

“ನಿನ್ನ ಯಂತ್ರದಲ್ಲಾ?”

“ಎಲ್ಲರ ಯಂತ್ರದಲ್ಲೂ ಪೂರ್ತಿ ಪ್ರತಿ ಇರುತ್ತಲ್ಲ ರೀ. ನಿನ್ನೆ ಈ ಲ್ಯಾಪ್‌ಟಾಪು ನನ್ನ ಚೀಲದಲ್ಲೇ ಇತ್ತು. ಕೇಳಿದ್ರೆ ಕೊಡ್ತಿದ್ದೆ.”

ಕಮಿಟ್ಟಪ್ಪನ ಮುಖ ಇಂಗು ತಿಂದ ಮಂಗನಂತಾಯಿತು. ವರ್ಷಗಟ್ಟಲೆ ಊರಿಗೆಲ್ಲ ಪಾಠ ಹೇಳಿದವನಿಗೆ ಪಾಠದ ಮೊದಲ ಸಾಲೇ ಮರೆತಿತ್ತು!

“ಬ್ಲೇಮ್ ಅಂತಲೂ ಒಂದು ಕಮಾಂಡ್ ಇದೆಯಂತೆ,” ಎಂದಳು ಹೆಂಡತಿ. “ಯಾವ ಸಾಲು ಯಾರು ಬರೆದದ್ದು ಅಂತ ಹೇಳುತ್ತಂತೆ. ನನಗೆ ಅದನ್ನ ಓಡಿಸೋ ಅಗತ್ಯ ಬೀಳಲಿಲ್ಲ.”

“ತಪ್ಪಾಯ್ತು ಕಣೇ.”

“ಆಯ್ತು. ಕಾರ್ಯದರ್ಶಿಗಳು ಮತ್ತೆ ಫೋನ್ ಮಾಡಿದ್ರು. ಮುಂದಿನದಕ್ಕೆ ಒಪ್ಪಿಕೊಂಡೆ. ಈ ಸಲ ಬೇಕೂಂತಲೇ ನಗೆನಾಟಕ ಬರೀತೀನಿ. ನಿಮಗೂ ಒಂದು ಪಾತ್ರ ಇದೆ.”

ಕಮಿಟ್ಟಪ್ಪನ ಬೆನ್ನು ತಾನಾಗಿಯೇ ನೆಟ್ಟಗಾಯಿತು. “ದೊಡ್ಡ ಪಾತ್ರವೇನೇ?”

“ಬಹಳ ದೊಡ್ಡದು. ಪರದೆ ಎದ್ದಾಗಿನಿಂದ ಬೀಳೋವರೆಗೂ ನೀವು ರಂಗದ ಮೇಲೇ ಇರ್ತೀರಿ. ಕಥೆ ಎಲ್ಲಾ ನಿಮ್ಮ ಸುತ್ತಲೇ ನಡೆಯುತ್ತೆ.”

“ಹೌದಾ! ಯಾವ ಪಾತ್ರ?”

“ಹೆಣ.”

ಸೋಫಾದ ಮೇಲಿದ್ದ ಅತ್ತೆ ಕನ್ನಡಕ ಸರಿಮಾಡಿಕೊಂಡು ಕರೆದರು: “ಬನ್ನಿ ಅಳಿಯಂದ್ರೇ, ಇಲ್ಲಿ ಮಲಗಿ. ಅಭ್ಯಾಸ ಮಾಡಿಸ್ತೀನಿ.”

ಕಮಿಟ್ಟಪ್ಪ ತಡವರಿಸಿದ. “ಅಲ್ಲ, ಒಂದೇ ಒಂದು ಸಲಹೆ... ಹೆಣಕ್ಕೂ ಒಂದು ಸಣ್ಣ ಬ್ರಾಂಚ್ ಮಾಡಿಕೊಂಡ್ರೆ...”

“ಅಮ್ಮಾ,” ಎಂದಳು ಹೆಂಡತಿ, ಲ್ಯಾಪ್‌ಟಾಪಿನಿಂದ ಕಣ್ಣೆತ್ತದೆ, “ಮೊದಲು ಬಾಯಿ ಮುಚ್ಚೋದು ಹೇಳಿಕೊಡು.”